ಶ್ರೀಮತಿ ಮಿರ್ನಾ ಒಲೆಕ್ಸಿನ್ ಅವರ ಸಿನಿಮಾ ಅಭಿಪ್ರಾಯವನ್ನು ಮರಳಿ ಜಾರಿಗೆ ತರುವ ಬಗ್ಗೆ

ಕ್ರೇನ್ ರಿಜ್ ಪುರಸಭೆ, ಸಸ್ಕಾಚುವಾನ್
ಮನರಂಜನೆ, ಹಿಮ ತೆರವು, ಬೀದಿನಾಯಿ ಮತ್ತು ಇತರೆ ವಿಭಾಗ

ಕ್ರಮಾಂಕ: ಕ್ರೇರಿಪು/ಮಹಿಬೀಇ/ಸಿನಿಮಾ/ಅಭಿಪ್ರಾಯ/2
ದಿನಾಂಕ: ಫೆಬ್ರುವರಿ ತಿಂಗಳ ಎರಡನೇ ಸೋಮವಾರ (ಚಳಿ ಮೈನಸ್ ಮೂವತ್ತೊಂದು ಡಿಗ್ರಿ, ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ)

ಸುತ್ತೋಲೆ

ವಿಷಯ: ಇತ್ತೀಚೆಗೆ ನೋಡಿದ ಚಲನಚಿತ್ರಗಳ ಬಗ್ಗೆ ಶ್ರೀಮತಿ ಮಿರ್ನಾ ಒಲೆಕ್ಸಿನ್ ಅವರು ವ್ಯಕ್ತಪಡಿಸುವ ಸ್ವಂತ ಅಭಿಪ್ರಾಯಗಳ ಮೇಲೆ ವಿಧಿಸಲಾಗಿದ್ದ ನಿರ್ಬಂಧವನ್ನು ಹಿಂಪಡೆಯುವ, ಹಾಗೂ ಭಾನುವಾರ ಈಗಾಗಲೇ ವ್ಯಕ್ತವಾಗಿ ಹೋಗಿರುವ ಒಂದು ಅಭಿಪ್ರಾಯಕ್ಕೆ ಘಟನೋತ್ತರ ಮಂಜೂರಾತಿ ನೀಡುವ ಬಗ್ಗೆ.

ಉಲ್ಲೇಖ:
1. ಇದೇ ಕಚೇರಿಯ ಹಿಂದಿನ ಸುತ್ತೋಲೆ (ಈಗ ಯಾರೂ ಪಾಲಿಸತಕ್ಕದ್ದಲ್ಲ).
2. ಕುಮಾರಿ ಟೆಸ್ಸಾ ಥೀಸನ್ ಅವರು ಶನಿವಾರ ಮೆಟ್ಟಿಲ ಮೇಲಿಂದ ಹೇಳಿದ ಮಾತು.
3. ಶ್ರೀಮತಿ ಡಾರ್ಲೀನ್ ಥೀಸನ್ ಅವರ ಮೌಖಿಕ ಸೂಚನೆ, ಅದೇ ದಿನ, ಅಡುಗೆಮನೆಯಿಂದ.
4. ಜೋಸಿ ಅವರ ಕೆಫೆಯ ಒಂದು ಕಾಗದದ ಕರವಸ್ತ್ರ (ಕಾಫಿ ಕಲೆ ಸಹಿತ, ಕಡತಕ್ಕೆ ಲಗತ್ತಿಸಿದೆ).

ಪೀಠಿಕೆ

ಈ ಊರಿನಲ್ಲಿ ಇರುವುದು ಒಂದೇ ಚಿತ್ರಮಂದಿರ, ಅದಕ್ಕಿರುವುದು ಒಂದೇ ತೆರೆ. ಅರೋರಾ ಎಂಬ ಸದರಿ ಚಿತ್ರಮಂದಿರವನ್ನು ಊರವರೇ ಸರದಿಯ ಮೇಲೆ ನಡೆಸುತ್ತಿದ್ದು, ಟಿಕೆಟ್ ಹರಿಯುವವರೂ ನೆಲ ಗುಡಿಸುವವರೂ ಸಂಬಳವಿಲ್ಲದೆ ದುಡಿಯುತ್ತಿರುವುದು ಎಲ್ಲರಿಗೂ ತಿಳಿದ ವಿಷಯವೇ ಆಗಿದೆ. ಒಂದು ಚಿತ್ರ ಬಂದರೆ ಅದನ್ನು ಮೂರು ವಾರಾಂತ್ಯ ಓಡಿಸಲೇಬೇಕು, ಇಲ್ಲವಾದರೆ ಮುಂದಿನ ಚಿತ್ರ ಕಳಿಸುವುದಿಲ್ಲ ಎಂಬುದು ವಿತರಕರ ಷರತ್ತು. ಆದಕಾರಣ ಮೊದಲ ಶುಕ್ರವಾರದ ಆಟ ಮುಗಿದ ಮೇಲೆ ಜನ ಏನು ಮಾತಾಡಿಕೊಳ್ಳುತ್ತಾರೆ ಎಂಬುದರ ಮೇಲೆ ಉಳಿದೆಲ್ಲ ಆಟಗಳ ಹಣೆಬರಹ ನಿಂತಿರುತ್ತದೆ.

ಜನ ಎಂದರೆ ಇಲ್ಲಿ ಶ್ರೀಮತಿ ಮಿರ್ನಾ ಒಲೆಕ್ಸಿನ್ ಎಂದು ಓದಿಕೊಳ್ಳತಕ್ಕದ್ದು. ಸದರಿಯವರು ಶಾಲಾ ಬಸ್ ಓಡಿಸಿ ನಿವೃತ್ತರಾದವರು. ಶುಕ್ರವಾರದ ಮೊದಲ ಆಟ ತಪ್ಪಿಸಿದವರಲ್ಲ. ಶನಿವಾರ ಬೆಳಿಗ್ಗೆ ಜೋಸಿ ಅವರ ಕೆಫೆಯಲ್ಲಿ ಕಿಟಕಿ ಪಕ್ಕದ ಉದ್ದನೆ ಮೇಜಿಗೆ ಊರಿನ ನಿವೃತ್ತರೆಲ್ಲ ಸೇರುವ, ಕಾಫಿ ಸಾಲು ಎಂದು ಕರೆಯುವ ಕೂಟದಲ್ಲಿ ಕೂತು, ಹಿಂದಿನ ದಿನದ ಚಿತ್ರದ ಬಗ್ಗೆ ತಮಗೆ ಅನ್ನಿಸಿದ್ದನ್ನು ಅನ್ನಿಸಿದ ಹಾಗೆಯೇ ಹೇಳುವ ಅಭ್ಯಾಸ ಇವರಿಗಿದೆ. ಈ ಊರಿನ ಉಳಿದವರಿಗೆ ಅಂಥ ಅಭ್ಯಾಸವಿಲ್ಲ. ಮದುವೆಯಾಗಲಿ, ಶಸ್ತ್ರಚಿಕಿತ್ಸೆಯಾಗಲಿ, ಪುರಸಭೆಯ ಆಯವ್ಯಯವಾಗಲಿ, ಕೇಳಿದವರಿಗೆಲ್ಲ ಪರವಾಗಿಲ್ಲ ಎಂದು ಉತ್ತರಿಸಿ ಮುಂದಿನ ಕಾಫಿ ಯಾರದು ಎಂದು ವಿಚಾರಿಸುವುದೇ ಇಲ್ಲಿನ ರೂಢಿ. ಹೀಗಾಗಿ ಇಡೀ ಊರಿನಲ್ಲಿ ತೂಕವಿರುವ ಅಭಿಪ್ರಾಯ ಒಂದೇ ಒಂದು ಉಳಿದುಕೊಂಡಿದೆ, ಅದು ಶ್ರೀಮತಿ ಮಿರ್ನಾ ಅವರ ಬಳಿ ಇದೆ.

ಸದರಿಯವರ ಇತ್ತೀಚಿನ ಕೆಲವು ಅಭಿಪ್ರಾಯಗಳನ್ನು ಮಾದರಿಗಾಗಿ ಯಥಾವತ್ತಾಗಿ ಕೆಳಗೆ ನಮೂದಿಸಲಾಗಿದೆ.

(ಅ) ಅಂತರಿಕ್ಷದ ಚಿತ್ರದ ಬಗ್ಗೆ: "ಅಷ್ಟು ವರ್ಷ ಅದೇ ನೌಕೇಲಿ ಇದ್ದಾರೆ, ಒಬ್ಬರಾದ್ರೂ ಪೊರಕೆ ಹಿಡಿದದ್ದು ನೋಡಲಿಲ್ಲ ನಾನು. ಲೋಕ ಉಳಿಸ್ತಾರಂತೆ. ಮೊದಲು ಆ ಮೂಲೆ ಗುಡಿಸ್ಲಿ."

(ಆ) ಪ್ರೇಮಕಥೆಯ ಬಗ್ಗೆ: "ಹುಡುಗ ಕಾರು ಓಡಿಸ್ತಾ ಹುಡುಗಿ ಮುಖಾನೇ ನೋಡ್ತಾನೆ ಕಣ್ರೀ, ರಸ್ತೆ ನೋಡೋದೇ ಇಲ್ಲ. ಬ್ರೇಕ್ ತುಳಿದು ತುಳಿದು ನನಗೆ ಕಾಲು ನೋವು ಬಂತು. ಅವರಿಬ್ರೂ ಏನು ಮಾತಾಡಿಕೊಂಡ್ರೋ ಒಂದಕ್ಷರ ಕಿವಿಗೆ ಬೀಳಲಿಲ್ಲ."

(ಇ) ದೆವ್ವದ ಚಿತ್ರದ ಬಗ್ಗೆ: "ದೆವ್ವದ ಮೇಲೆ ನನ್ನದೇನೂ ದೂರಿಲ್ಲ. ಪಾಪ, ಅದರ ಕೆಲಸ ಅದು ಮಾಡ್ತು. ಮನೆ ಕೊಂಡೋರಿಗೆ ಬುದ್ಧಿ ಬೇಡ್ವಾ? ಅಷ್ಟು ದೊಡ್ಡ ಮನೆ ಅಷ್ಟು ಅಗ್ಗಕ್ಕೆ ಕೊಡ್ತಿದ್ದಾರೆ ಅಂದ್ರೆ ಯಾಕೆ ಅಂತ ಒಂದು ಮಾತು ಕೇಳ್ಬೇಕಲ್ವಾ?"

(ಈ) ಬಹಳ ಪ್ರಶಸ್ತಿಗಳನ್ನು ಪಡೆದ ಒಂದು ಗಂಭೀರ ಚಿತ್ರದ ಬಗ್ಗೆ: "ಮೈನಸ್ ನಲವತ್ತು ಅಂತ ಬಾಯಲ್ಲಿ ಹೇಳ್ತಾರೆ, ಆ ಬಾಯಿಂದ ಹಬೆ ಬರಲ್ಲ. ಕೋಟಿನ ಗುಂಡಿ ಬಿಚ್ಕೊಂಡು ಹೊರಗೆ ನಿಂತು ಹೆಂಡತಿ ಹತ್ರ ಕ್ಷಮೆ ಕೇಳ್ತಾನೆ. ಅವಳೂ ಬಾಗಿಲಲ್ಲೇ ನಿಂತು ಯೋಚನೆ ಮಾಡ್ತಾಳೆ. ಒಳಗಿನ ಬಿಸಿಯೆಲ್ಲ ಹೊರಗೆ ಹೋಗ್ತಾ ಇದೆ ಅಂತ ಇಬ್ಬರಿಗೂ ಗ್ಯಾನ ಇಲ್ಲ."

ಮೇಲ್ಕಂಡ (ಆ) ಮತ್ತು (ಈ) ಅಭಿಪ್ರಾಯಗಳ ನಂತರ ಚಿತ್ರಮಂದಿರದಲ್ಲಿ ಉಳಿದ ವಾರಗಳು ಖಾಲಿ ಕುರ್ಚಿಗಳಿಗೆ ಪ್ರದರ್ಶನ ನೀಡಲಾಯಿತು. (ಇ) ಅಭಿಪ್ರಾಯದ ನಂತರ ಮಾತ್ರ ಜನ ಮುಗಿಬಿದ್ದರು, ಅದೂ ದೆವ್ವಕ್ಕೆ ಬೆಂಬಲ ಸೂಚಿಸುವ ಸಲುವಾಗಿ ಎಂದು ತಿಳಿದುಬಂದಿದೆ.

ಹೀಗಿರುವಲ್ಲಿ, ಕಳೆದ ತಿಂಗಳು ಪುರಸಭೆಯ ಆಡಳಿತಾಧಿಕಾರಿ ಶ್ರೀ ಮೆಲ್ವಿನ್ ಥೀಸನ್ ಅವರು, ಚಿತ್ರಮಂದಿರದ ಹಿತದೃಷ್ಟಿಯಿಂದ ಮಾತ್ರ, ಬೇರಾವ ಉದ್ದೇಶವೂ ಇಲ್ಲದೆ, ಉಲ್ಲೇಖ 1ರ ಸುತ್ತೋಲೆಯನ್ನು ಹೊರಡಿಸಿದ್ದರು. ಇನ್ನು ಮುಂದೆ ಯಾವುದನ್ನು ಪಾಲಿಸಬೇಕಾಗಿಲ್ಲ ಎಂಬುದು ಸಾರ್ವಜನಿಕರಿಗೆ ಸ್ಪಷ್ಟವಾಗಲೆಂದು ಅದರ ನಿಯಮಗಳನ್ನು ಇಲ್ಲಿ ಮರುಮುದ್ರಿಸಲಾಗಿದೆ.

ಹಿಂದಿನ ಸುತ್ತೋಲೆಯ ನಿಯಮಗಳು (ರದ್ದಾಗಿವೆ)

1. ಶುಕ್ರವಾರದ ಆಟ ಮುಗಿದಲ್ಲಿಂದ ಸೋಮವಾರ ಮಧ್ಯಾಹ್ನದವರೆಗೆ ಕಾಫಿ ಸಾಲು, ಅಂಚೆ ಕಚೇರಿ, ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ಆಡುವ ಕರ್ಲಿಂಗ್ ಅಂಗಣ ಮತ್ತು ಚರ್ಚಿನ ಮೆಟ್ಟಿಲುಗಳಲ್ಲಿ ಯಾವುದೇ ಚಲನಚಿತ್ರದ ಬಗ್ಗೆ ಸ್ವಂತ ಅಭಿಪ್ರಾಯ ಹೊಂದಿರುವುದನ್ನು ಹೊರಗೆ ತೋರಿಸತಕ್ಕದ್ದಲ್ಲ. ಚಳಿಗೆ ಕಾರಿನ ಎಂಜಿನ್ ಹೆಪ್ಪುಗಟ್ಟದಂತೆ ಅದಕ್ಕೆ ಕರೆಂಟು ಕೊಡಲು ಅಂಗಳದಲ್ಲಿ ಬಗ್ಗಿರುವಾಗ ಪಕ್ಕದ ಮನೆಯವರಿಗೆ ಹೇಳುವುದೂ ಇದರಲ್ಲಿ ಸೇರಿದೆ.

2. ಹೇಗಿತ್ತು ಎಂದು ಯಾರಾದರೂ ಕೇಳಿದಲ್ಲಿ ಈ ಕೆಳಗಿನ ಅನುಮೋದಿತ ಉತ್ತರಗಳಲ್ಲಿ ಒಂದನ್ನು ನೀಡತಕ್ಕದ್ದು: (ಅ) ಚೆನ್ನಾಗಿತ್ತು. (ಆ) ತುಂಬಾ ಚೆನ್ನಾಗಿತ್ತು. (ಇ) ಪಾಪ್‌ಕಾರ್ನ್ ಬಿಸಿಯಾಗಿತ್ತು. ಮೂರನೆಯದನ್ನು, ಮೊದಲೆರಡು ಗಂಟಲಿನಿಂದ ಹೊರಡದಿದ್ದಾಗ ಮಾತ್ರ ಬಳಸಲು ಅವಕಾಶವಿದೆ.

3. ನಿಟ್ಟುಸಿರು ಬಿಡುವುದು, ತಲೆಯಾಡಿಸುವುದು, ಕನ್ನಡಕ ತೆಗೆದು ಅಗತ್ಯಕ್ಕಿಂತ ಹೆಚ್ಚು ಹೊತ್ತು ಒರೆಸುವುದು, ಪಾಪ್‌ಕಾರ್ನಿಗೆಂದು ಮನೆಯಿಂದ ತಂದ ಐಸ್‌ಕ್ರೀಂ ಡಬ್ಬದ ಮುಚ್ಚಳವನ್ನು ಚಿತ್ರ ಮುಗಿಯುವ ಮೊದಲೇ ಹಾಕುವುದು, ಇವೆಲ್ಲವನ್ನೂ ಅಭಿಪ್ರಾಯವೆಂದೇ ಪರಿಗಣಿಸಲಾಗುವುದು.

4. ತೆರೆಯ ಮೇಲಿನ ವಾಹನಗಳಿಗೆ ಪ್ರೇಕ್ಷಕರು ಬ್ರೇಕ್ ಹಾಕತಕ್ಕದ್ದಲ್ಲ. ಈ ನಿಯಮ ಶ್ರೀಮತಿ ಮಿರ್ನಾ ಅವರ ಬಲಗಾಲಿಗೆ ವಿಶೇಷವಾಗಿ ಅನ್ವಯಿಸುತ್ತದೆ.

5. ಚಿತ್ರ ನಡೆಯುವಾಗ ನಿದ್ರೆ ಅನಿವಾರ್ಯವಾದಲ್ಲಿ ಮುಗುಳ್ನಗುತ್ತಾ ನಿದ್ರಿಸತಕ್ಕದ್ದು.

6. ಈ ಪ್ರಾಂತ್ಯದಲ್ಲೇ ಚಿತ್ರೀಕರಣವಾದ ಚಿತ್ರಗಳಲ್ಲಿ ಪಾತ್ರಗಳ ಬಾಯಿಂದ ಹಬೆ ಬರುತ್ತಿದೆಯೇ ಎಂದು ಯಾರೂ ತಪಾಸಣೆ ಮಾಡತಕ್ಕದ್ದಲ್ಲ. ಹಬೆ ಬಂದಿದ್ದರೆ ಅದು ನಿರ್ದೇಶಕರ ಶ್ರಮ, ಬಾರದಿದ್ದರೆ ಅದು ನಿರ್ದೇಶಕರ ಸ್ವಾತಂತ್ರ್ಯ.

7. ಈ ನಿಯಮಗಳು ಎಲ್ಲ ಚಿತ್ರಗಳಿಗೂ ಸಮಾನವಾಗಿ ಅನ್ವಯಿಸುತ್ತವೆ. ಯಾವುದೇ ಒಂದು ನಿರ್ದಿಷ್ಟ ಚಿತ್ರವನ್ನು ಗಮನದಲ್ಲಿಟ್ಟುಕೊಂಡಿಲ್ಲ.

8. ನಿಯಮ 7ರ ಸ್ಪಷ್ಟೀಕರಣ: ಅವು ಹೆಚ್ಚು ಸಮಾನವಾಗಿ ಅನ್ವಯಿಸುವುದು, ಮುಂದಿನ ತಿಂಗಳ ಮೊದಲ ಶುಕ್ರವಾರ ಪ್ರದರ್ಶನಗೊಳ್ಳುವ, ಇದೇ ಊರಿನಲ್ಲಿ ಹುಟ್ಟಿ ಬೆಳೆದು ವ್ಯಾಂಕೂವರಿಗೆ ಹೋದವರು ನಿರ್ದೇಶಿಸಿದ ಮೊದಲ ಚಿತ್ರಕ್ಕೆ. ಸದರಿ ನಿರ್ದೇಶಕರು ಸದ್ಯ ಆಡಳಿತಾಧಿಕಾರಿಯವರ ಮನೆಯ ಮೇಲ್ಮಹಡಿ ಕೋಣೆಯಲ್ಲಿ ತಂಗಿದ್ದು, ಆತಂಕದಿಂದ ಸರಿಯಾಗಿ ಊಟ ಮಾಡುತ್ತಿಲ್ಲ ಎಂಬುದನ್ನು ಸಾರ್ವಜನಿಕರು ದಯವಿಟ್ಟು ಗಮನಿಸತಕ್ಕದ್ದು.

ನಿಯಮಗಳು ಜಾರಿಯಾದ ಬಗೆ

ಆ ಶುಕ್ರವಾರ ಕುಮಾರಿ ಟೆಸ್ಸಾ ಥೀಸನ್ ಅವರ ಚಿತ್ರವನ್ನು ಪ್ರದರ್ಶಿಸಲಾಯಿತು. ಚಿತ್ರದ ಕಥೆ ದೊಡ್ಡದೇನಲ್ಲ. ಚಳಿಗಾಲದ ಒಂದು ಬೆಳಿಗ್ಗೆ ಒಬ್ಬ ತಂದೆ ಊರು ಬಿಟ್ಟು ಹೊರಟಿರುವ ಮಗಳನ್ನು ತನ್ನ ಟ್ರಕ್ಕಿನಲ್ಲಿ ವಿಮಾನ ನಿಲ್ದಾಣಕ್ಕೆ ಕರೆದೊಯ್ಯುತ್ತಾನೆ. ದಾರಿಯುದ್ದಕ್ಕೂ ಇಬ್ಬರೂ ಮಾತಾಡುವುದಿಲ್ಲ. ಕೊನೆಗೆ ನಿಲ್ದಾಣದ ಬಾಗಿಲಲ್ಲಿ ತಂದೆ ಮಾತಾಡುತ್ತಾನೆ. ಅಷ್ಟೇ.

ಊರವರು ನಿಯಮಗಳನ್ನು ಪಾಲಿಸಿದ ಪರಿ ಪ್ರಶಂಸನೀಯ. ಕರ್ಲಿಂಗ್ ಸಂಘದ ಶ್ರೀ ಹಾರ್ವಿ ಕ್ಲಾಸೆನ್ ಅವರು ನಿಯಮ 5ರ ಪ್ರಕಾರ ಮೊದಲರ್ಧ ಪೂರ್ತಿ ಮುಗುಳ್ನಕ್ಕರು. ಶನಿವಾರ ಬೆಳಿಗ್ಗೆ ಕುಮಾರಿ ಟೆಸ್ಸಾ ಅವರು ಕೆಫೆಗೆ ಹೋದಾಗ, ಉದ್ದನೆ ಮೇಜಿನಲ್ಲಿ ಕೂತಿದ್ದ ಪ್ರತಿಯೊಬ್ಬರೂ ಒಬ್ಬರಾದ ಮೇಲೊಬ್ಬರು, ಪಾಠ ಒಪ್ಪಿಸಿದಂತೆ, ತುಂಬಾ ಚೆನ್ನಾಗಿತ್ತು ಎಂದರು. ಶ್ರೀ ಹಾರ್ವಿ ಅವರು ಎರಡು ಸಲ ಎಂದರು.

ಕೊನೆಗೆ ಶ್ರೀಮತಿ ಮಿರ್ನಾ ಅವರ ಸರದಿ ಬಂತು. ಸದರಿಯವರು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಹುಡುಗಿಯ ಮುಖ ನೋಡಿ, ಆಮೇಲೆ ಕಿಟಕಿ ನೋಡಿ, ಇಂತೆಂದರು:

"ಪಾಪ್‌ಕಾರ್ನ್ ಬಿಸಿಯಾಗಿತ್ತು ಮರಿ."

ಕಾನೂನು ಪಾಲನೆಯಲ್ಲಿ ಇದಕ್ಕಿಂತ ಹೆಚ್ಚಿನದನ್ನು ಯಾವ ಪ್ರಜೆಯಿಂದಲೂ ನಿರೀಕ್ಷಿಸಲು ಸಾಧ್ಯವಿಲ್ಲ. ಸುತ್ತೋಲೆ ಸಂಪೂರ್ಣ ಯಶಸ್ವಿಯಾಯಿತು ಎಂದು ಆಡಳಿತಾಧಿಕಾರಿಯವರು ಅಂದು ಬೆಳಿಗ್ಗೆ ಕಚೇರಿಯಲ್ಲಿ ಷರಾ ಬರೆದರು. ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ಮಗಳು ಮೆಟ್ಟಿಲ ಮೇಲೆ ಕೂತಿದ್ದರು. ಕೈಯಲ್ಲಿ ಸುತ್ತೋಲೆಯ ಪ್ರತಿ ಇತ್ತು. ಅದನ್ನು ಚಿತ್ರಮಂದಿರದ ಗೋಡೆಯಿಂದ ಕಿತ್ತು ತರಲಾಗಿತ್ತು. ಉಲ್ಲೇಖ 2ರ ಮಾತನ್ನು ಇಲ್ಲಿ ಪೂರ್ತಿಯಾಗಿ ಕೊಡಲಾಗಿದೆ.

"ಅಪ್ಪ, ಊರವರೆಲ್ಲ ನನಗೇನು ಹೇಳ್ಬೇಕು ಅಂತ ನೀನೇ ಬರೆದುಕೊಟ್ಟಿದ್ದೀಯಾ? ನಾನು ಅಲ್ಲಿ ಪೆದ್ದಿ ಥರ ಎಲ್ಲರಿಗೂ ಥ್ಯಾಂಕ್ಸ್ ಹೇಳ್ಕೊಂಡು ನಿಂತಿದ್ದೆ. ಚಿಕ್ಕವಳಿದ್ದಾಗ ದಿನಾ ಬಸ್ಸಿನ ಮುಂದಿನ ಸೀಟಲ್ಲಿ ಕೂತು ಮಿಸೆಸ್ ಒಲೆಕ್ಸಿನ್‌ಗೆ ಕಥೆ ಹೇಳ್ತಿದ್ದೆ, ಗೊತ್ತಾ ನಿನಗೆ? ಚೆನ್ನಾಗಿಲ್ಲದಿದ್ರೆ ಚೆನ್ನಾಗಿಲ್ಲ ಅಂತಿದ್ರು, ನಾಳೆ ಸರಿಮಾಡ್ಕೊಂಡು ಬಾ ಅಂತಿದ್ರು. ಚೆನ್ನಾಗಿದೆ ಅಂದ ದಿನ ನಾನು ಮನೆವರೆಗೆ ಓಡಿ ಬರ್ತಿದ್ದೆ. ಇವತ್ತು ಅವರು ನನ್ನ ಮುಖ ನೋಡಿ ಪಾಪ್‌ಕಾರ್ನ್ ಬಗ್ಗೆ ಮಾತಾಡಿದ್ರು ಅಪ್ಪ. ಹೇಳೋದಕ್ಕೂ ಯೋಗ್ಯತೆ ಇಲ್ಲದಷ್ಟು ಕೆಟ್ಟದಾಗಿದೆಯಾ ಅಂತ ಇಡೀ ದಾರಿ ಅಳ್ತಾ ಬಂದೆ. ಹೋಗ್ಲಿ ಬಿಡು. ನೀನು ನೋಡಿದೆಯಲ್ಲ, ನಿನಗೆ ಹೇಗನ್ನಿಸ್ತು?"

ಆಡಳಿತಾಧಿಕಾರಿಯವರು ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಯಮ 2(ಆ)ರಂತೆ ಉತ್ತರಿಸಿದರು.

ಮೇಲ್ಮಹಡಿಯ ಬಾಗಿಲನ್ನು ಮುಚ್ಚಲಾಯಿತು. ಅಡುಗೆಮನೆಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡಿದ್ದ ಶ್ರೀಮತಿ ಡಾರ್ಲೀನ್ ಥೀಸನ್ ಅವರು ಉಲ್ಲೇಖ 3ರ ಸೂಚನೆಯನ್ನು ನೀಡಿದರು: "ಮೆಲ್ವಿನ್, ಆ ಕಾಗದ ಹಿಂದಕ್ಕೆ ತಗೊ. ಇವತ್ತೇ. ಮಂಗಳವಾರ ಹೊರಡ್ತಾಳೆ ಅವಳು. ಹೀಗೇ ಹೋದ್ರೆ ಮುಂದಿನ ಕ್ರಿಸ್‌ಮಸ್‌ಗೆ ನೀನೂ ನಾನೂ ಇಬ್ಬರೇ ಟರ್ಕಿ ಕೋಳಿ ತಿನ್ಬೇಕು." ಸೂಚನೆಯ ವಿರುದ್ಧ ಮೇಲ್ಮನವಿ ಸಲ್ಲಿಸುವ ಅವಕಾಶ ಇರಲಿಲ್ಲ.

ಭಾನುವಾರದ ವಿಚಾರಣೆ

ಭಾನುವಾರ ಚರ್ಚ್ ಬಿಟ್ಟ ಮೇಲೆ ಸಂಬಂಧಪಟ್ಟವರೆಲ್ಲ ಜೋಸಿ ಅವರ ಕೆಫೆಯಲ್ಲಿ ಸೇರಿದರು. ಆಡಳಿತಾಧಿಕಾರಿಯವರು ಶ್ರೀಮತಿ ಮಿರ್ನಾ ಅವರ ಹತ್ತಿರ ಹೋಗಿ, ನಿರ್ಬಂಧ ತೆಗೆಯಲಾಗಿದೆ, ಇನ್ನು ಮಾತಾಡಬಹುದು ಎಂದು ಮೌಖಿಕವಾಗಿ ತಿಳಿಸಿದರು. ಸದರಿಯವರು ಒಪ್ಪಲಿಲ್ಲ.

"ಬಾಯಿಮಾತಲ್ಲಿ ಆಗಲ್ಲ ಮೆಲ್ವಿನ್. ಮುಚ್ಚೋದಕ್ಕೆ ಕಾಗದ ಕೊಟ್ಟಿದ್ದೆ, ತೆರೆಯೋದಕ್ಕೂ ಕಾಗದ ಕೊಡು. ನಾಳೆ ನೀನು ಹಾಗೆ ಹೇಳೇ ಇಲ್ಲ ಅಂದ್ರೆ ನಾನು ಯಾರನ್ನ ಕೇಳ್ಲಿ?"

ಕಚೇರಿಗೆ ರಜೆಯಿದ್ದುದರಿಂದ ಕೆಫೆಯ ಕರವಸ್ತ್ರದ ಮೇಲೆಯೇ ಅನುಮತಿ ಬರೆದು ಸಹಿ ಮಾಡಲಾಯಿತು. ಮೊಹರಿನ ಬದಲಿಗೆ ಕಾಫಿ ಲೋಟದ ತಳವನ್ನು ಒತ್ತಲಾಗಿದ್ದು, ಅದನ್ನು ಮಾನ್ಯ ಮಾಡಲಾಗಿದೆ. ಶ್ರೀಮತಿ ಮಿರ್ನಾ ಅವರು ಕನ್ನಡಕ ಹಾಕಿಕೊಂಡು ಅದನ್ನು ಓದಿ, ಮಡಚಿ, ಲೋಟದ ಕೆಳಗಿಟ್ಟು, ಎದುರು ಕುರ್ಚಿಯನ್ನು ಕಾಲಿನಿಂದ ತಳ್ಳಿ ಕುಮಾರಿ ಟೆಸ್ಸಾ ಅವರಿಗೆ ತೋರಿಸಿದರು. ಆಡಳಿತಾಧಿಕಾರಿಯವರು ಪಕ್ಕದ ಮೇಜಿನಲ್ಲಿ ತಿಂಡಿಯ ಪಟ್ಟಿಯನ್ನು ಮುಖಕ್ಕೆ ಅಡ್ಡ ಹಿಡಿದು, ಅಧಿಕೃತವಾಗಿ ಅಲ್ಲಿಲ್ಲದಂತೆ ಉಪಸ್ಥಿತರಿದ್ದರು. ಘಟನೋತ್ತರ ಮಂಜೂರಾತಿ ಕೋರಲಾಗಿರುವ ಅಭಿಪ್ರಾಯ ಹೀಗಿದೆ:

"ಕೂತ್ಕೊ ಮರಿ. ಮೊದಲು ಆ ಹಣ್ಣಿನ ಪೈ ತಿನ್ನು, ತಿಂತಾ ಕೇಳು. ನಿನ್ನ ಸಿನಿಮಾದಲ್ಲಿ ಶುರುವಿಗೇ ಹಿಮದ ಕೆಳಗಿನ ಗೋಧಿ ಕೂಳೆ ತೋರಿಸ್ತೀಯ, ತೋರಿಸ್ತೀಯ, ತೋರಿಸ್ತಾನೇ ಇರ್ತೀಯ. ಕೂಳೆ ನನ್ನ ಅಡುಗೆಮನೆ ಕಿಟಕೀಲಿ ಬಿಟ್ಟಿ ಕಾಣುತ್ತೆ, ಅದಕ್ಕೆ ಟಿಕೆಟ್ ಯಾಕೆ ತಗೊಳ್ಲಿ? ಆ ಪಿಟೀಲು ಬಾರಿಸಿದವನನ್ನ ಇನ್ನೊಂದ್ಸಲ ಕರೀಬೇಡ, ಅವನಿಗೆ ಏನೋ ಸಂಕಟ ಇದೆ, ಅದು ನಿನ್ನ ಕಥೆದಲ್ಲ. ಮತ್ತೆ ಆ ಹುಡುಗಿ ಚೀಲ. ಖಾಲಿ ಚೀಲ ಅದು, ಎತ್ತೋದ್ರಲ್ಲೇ ಗೊತ್ತಾಗುತ್ತೆ. ಊರು ಬಿಟ್ಟು ಹೋಗೋ ಹುಡುಗಿಗೆ ಅವಳಮ್ಮ ಒಂದು ಡಬ್ಬ ಪಿರೋಗಿ ಕಡುಬೂ ತುಂಬಿ ಕಳಿಸಲಿಲ್ವಾ?

"ಇನ್ನು ಆ ಅಪ್ಪ. ಅವನನ್ನ ನಾನು ನಂಬಿದೆ. ಟ್ರಕ್ ಗಾಜಿನ ಮೇಲೆ ಮಂಜು ಕಟ್ಟಿರುತ್ತಲ್ಲ, ಮೊದಲು ಮಗಳ ಕಡೆ ಕೆರೀತಾನೆ, ಆಮೇಲೆ ತನ್ನ ಕಡೆ. ಬಿಸಿಗಾಳಿ ಅವಳ ಕಾಲ ಹತ್ರ ಬರೋ ಹಾಗೆ ತಿರುಗಿಸ್ತಾನೆ. ಬಾಯಿ ಬಿಡಲ್ಲ. ನಾನು ಆಗ ತಿನ್ನೋದು ನಿಲ್ಲಿಸಿದೆ, ಡಬ್ಬ ಪಕ್ಕಕ್ಕಿಟ್ಟೆ. ಅಲ್ಲಿಗೇ ಬಿಟ್ಟಿದ್ರೆ ನಾನು ಎದ್ದು ನಿಂತು ಚಪ್ಪಾಳೆ ತಟ್ತಿದ್ದೆ ಕಣೇ. ಆದ್ರೆ ವಿಮಾನ ನಿಲ್ದಾಣದ ಬಾಗಿಲಲ್ಲಿ ಮಗಳ ಹತ್ರ ಮಾತು ಶುರು ಮಾಡ್ದ ನೋಡು. ನೀನು ಹೋಗೋದು ನನಗಿಷ್ಟ ಇಲ್ಲ, ಆದ್ರೂ ಹೋಗು. ನೀನು ಮಾಡೋ ಕೆಲಸ ನನಗೆ ಅರ್ಥ ಆಗಲ್ಲ, ಆದ್ರೂ ಸಿಕ್ಕಿದವರಿಗೆಲ್ಲ ನನ್ನ ಮಗಳು ಅಂತ ಹೇಳ್ಕೊಂಡು ತಿರುಗ್ತೀನಿ. ನೀನಿಲ್ಲದ ಮನೇಲಿ ನನಗೆ ರೇಡಿಯೋ ಹಾಕೋದಕ್ಕೂ ಮನಸ್ಸಾಗಲ್ಲ. ಇನ್ನೂ ಏನೇನೋ ಅಂದ. ಸುಳ್ಳು. ಅಪ್ಪಟ ಸುಳ್ಳು. ನಮ್ಮ ಕಡೆ ಯಾವ ಗಂಡಸು ಮಗಳ ಮುಂದೆ ನಿಂತು ಹಾಗೆ ಮಾತಾಡ್ತಾನೆ? ನಿಮ್ಮಪ್ಪ ಯಾವತ್ತಾದ್ರೂ ಆಡಿದ್ದಾನಾ?"

ಕುಮಾರಿ ಟೆಸ್ಸಾ ಅವರ ಉತ್ತರ:

"ಇಲ್ಲ. ಅದಕ್ಕೇ ಬರೆದೆ."

ಜೋಸಿ ಅವರು ಕಾಫಿ ಸುರಿಯುವುದನ್ನು ನಿಲ್ಲಿಸಿದರು. ಶ್ರೀಮತಿ ಮಿರ್ನಾ ಅವರು ಕನ್ನಡಕ ತೆಗೆದು ಒರೆಸಿ, "ಹಾಗಾದ್ರೆ ನಾನು ಹೇಳಿದ್ದು ವಾಪಸ್ ತಗೋತೀನಿ ಅಂತ ಅಲ್ಲ. ಮಾತು ಇನ್ನೂ ಉದ್ದಾನೇ. ಆದ್ರೆ ಯಾಕೆ ಉದ್ದ ಅಂತ ಈಗ ಗೊತ್ತಾಯ್ತು," ಎಂದರು. ಆಮೇಲೆ ಪಕ್ಕದ ಮೇಜಿನತ್ತ ತಿರುಗಿ, ತಿಂಡಿಯ ಪಟ್ಟಿಯನ್ನು ಉದ್ದೇಶಿಸಿ, "ಮೆಲ್ವಿನ್, ನೀನೂ ನೋಡಿದೆಯಲ್ಲಪ್ಪ. ನಿನಗೆ ಹೇಗನ್ನಿಸ್ತು?" ಎಂದು ಕೇಳಿದರು.

ಹಿಮ ತೆರವು ಯಂತ್ರವನ್ನು ತುರ್ತಾಗಿ ಪರಿಶೀಲಿಸಬೇಕಾಗಿದೆ ಎಂದು ತಿಳಿಸಿ ಆಡಳಿತಾಧಿಕಾರಿಯವರು ಸ್ಥಳದಿಂದ ನಿರ್ಗಮಿಸಿದರು. ಅಂದು ಹಿಮ ಬಿದ್ದಿರಲಿಲ್ಲ ಎಂಬುದನ್ನು ಈ ಕಚೇರಿ ಒಪ್ಪಿಕೊಳ್ಳುತ್ತದೆ.

ಆದೇಶ

ಮೇಲಿನ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಸಾರ್ವಜನಿಕರ ಗಮನಕ್ಕೆ ತರಲಾಗುತ್ತಿರುವುದೇನೆಂದರೆ:

1. ಉಲ್ಲೇಖ 1ರ ಸುತ್ತೋಲೆಯನ್ನು, ಅದರ ಎಲ್ಲ ನಿಯಮ ಮತ್ತು ಸ್ಪಷ್ಟೀಕರಣಗಳ ಸಮೇತ, ಬೇರು ಸಹಿತ ಹಿಂಪಡೆಯಲಾಗಿದೆ. ಗೋಡೆಗಳ ಮೇಲೆ ಉಳಿದಿರುವ ಪ್ರತಿಗಳನ್ನು ಯಾರು ಬೇಕಾದರೂ ಕೀಳಬಹುದು. ಒಲೆ ಹೊತ್ತಿಸಲು ಬಳಸುವುದಕ್ಕೂ ಅಭ್ಯಂತರವಿಲ್ಲ.

2. ಶ್ರೀಮತಿ ಮಿರ್ನಾ ಒಲೆಕ್ಸಿನ್ ಅವರ ಭಾನುವಾರದ ಅಭಿಪ್ರಾಯ, ಕೂಳೆ, ಪಿಟೀಲು ಮತ್ತು ಖಾಲಿ ಚೀಲ ಸೇರಿದಂತೆ, ಘಟನೋತ್ತರವಾಗಿ ಮಂಜೂರಾಗಿದೆ. ಖಾಲಿ ಚೀಲದ ಬಗ್ಗೆ ಶ್ರೀಮತಿ ಡಾರ್ಲೀನ್ ಥೀಸನ್ ಅವರ ಆಕ್ಷೇಪಣೆಯನ್ನು ಪ್ರತ್ಯೇಕವಾಗಿ ದಾಖಲಿಸಲಾಗಿದೆ: ತಾವು ಪ್ರತಿ ಸಲವೂ ಪಿರೋಗಿ ತುಂಬಿಯೇ ಕಳಿಸಿದ್ದು, ಸಿನಿಮಾದವರು ಅದನ್ನು ತಿಂದು ಮುಗಿಸಿ ಚಿತ್ರೀಕರಣ ಮಾಡಿರುವ ಸಾಧ್ಯತೆಯಿದೆ.

3. ಹಿಂದಿನ ನಿಯಮದಂತೆ ತುಂಬಾ ಚೆನ್ನಾಗಿತ್ತು ಎಂದವರಲ್ಲಿ, ನಿಜವಾಗಿ ಹಾಗೆ ಅನ್ನಿಸಿದವರು ಅದನ್ನೇ ಇನ್ನೊಮ್ಮೆ, ಈ ಸಲ ಮುಖ ನೋಡಿ ಹೇಳತಕ್ಕದ್ದು. ಹಾಗೆ ಅನ್ನಿಸದವರು ಕಚೇರಿ ವೇಳೆಯಲ್ಲಿ ಬಂದು ತಮ್ಮ ಅಭಿಪ್ರಾಯವನ್ನು ವಾಪಸ್ ಪಡೆಯಬಹುದು. ಶ್ರೀ ಹಾರ್ವಿ ಕ್ಲಾಸೆನ್ ಅವರು ಎರಡನ್ನೂ ವಾಪಸ್ ಪಡೆಯುವ ಮೊದಲು ಚಿತ್ರದ ಮೊದಲರ್ಧವನ್ನು ಎಚ್ಚರವಾಗಿದ್ದು ನೋಡತಕ್ಕದ್ದು.

4. ಶ್ರೀಮತಿ ಮಿರ್ನಾ ಅವರ ಬಲಗಾಲಿಗೆ ತೆರೆಯ ಮೇಲಿನ ಎಲ್ಲ ವಾಹನಗಳ ಮೇಲೆ ಹಿಂದಿನ ಅಧಿಕಾರವನ್ನು ಮರಳಿ ನೀಡಲಾಗಿದೆ. ಅವರ ಮುಂದಿನ ಕುರ್ಚಿಯಲ್ಲಿ ಕೂರುವವರು ಸ್ವಂತ ಜವಾಬ್ದಾರಿಯ ಮೇಲೆ ಕೂರುವುದು.

5. ಸದರಿ ಚಿತ್ರವನ್ನು ಇನ್ನೆರಡು ವಾರಾಂತ್ಯ ಪ್ರದರ್ಶಿಸಲಾಗುವುದು. ಶ್ರೀಮತಿ ಮಿರ್ನಾ ಅವರು ಹೀಗಂದರಂತೆ ಎಂದು ಕೇಳಿ ಬಾರದೆ ಉಳಿಯುವವರು, ಸದರಿಯವರೇ ಮುಂದಿನ ಶುಕ್ರವಾರ ಎರಡನೇ ಸಲ ನೋಡಲು ಟಿಕೆಟ್ ಕಾದಿರಿಸಿದ್ದಾರೆ ಎಂಬುದನ್ನು ಗಮನಿಸತಕ್ಕದ್ದು. ಕಾರಣ ವಿಚಾರಿಸಲಾಗಿ, ಆ ಮಂಜು ಕೆರೆಯುವುದನ್ನು ಇನ್ನೊಮ್ಮೆ ನೋಡಬೇಕು ಎಂದಿದ್ದಾರೆ.

6. ಮಕ್ಕಳು ಹೇಗನ್ನಿಸಿತು ಎಂದು ಕೇಳಿದಾಗ ಈ ಊರಿನ ಯಾವ ತಂದೆಯೂ ಇನ್ನು ಮುಂದೆ ಟೋಪಿ ಹಿಡಿದುಕೊಂಡು ನಿಲ್ಲತಕ್ಕದ್ದಲ್ಲ, ಅನುಮೋದಿತ ಉತ್ತರ ನೀಡತಕ್ಕದ್ದಲ್ಲ, ಪುರಸಭೆಯ ಯಂತ್ರೋಪಕರಣಗಳ ನೆಪ ಹೇಳತಕ್ಕದ್ದಲ್ಲ. ಈ ನಿಯಮ ಸದ್ಯಕ್ಕೆ ಒಬ್ಬರಿಗೆ ಅನ್ವಯಿಸುತ್ತದೆ. ವಿನಾಯಿತಿ ಕೋರಿ ಸದರಿಯವರು ಸಲ್ಲಿಸಿದ್ದ ಮನವಿಯನ್ನು ಶ್ರೀಮತಿ ಡಾರ್ಲೀನ್ ಥೀಸನ್ ಅವರು ಪಾತ್ರೆ ತೊಳೆಯುತ್ತಲೇ ತಿರಸ್ಕರಿಸಿದ್ದಾರೆ.

7. ಎದುರಿಗೆ ನಿಂತು ಹೇಳಲು ಆಗದವರು ತಮಗೆ ಬರುವ ಭಾಷೆಯಲ್ಲಿ, ತಮಗೆ ಬರುವ ನಮೂನೆಯಲ್ಲಿ ಲಿಖಿತವಾಗಿ ಸಲ್ಲಿಸಲು ಅವಕಾಶ ಕಲ್ಪಿಸಲಾಗಿದೆ.

ಸಹಿ/-
ಮೆಲ್ವಿನ್ ಥೀಸನ್
ಆಡಳಿತಾಧಿಕಾರಿ
ಕ್ರೇನ್ ರಿಜ್ ಪುರಸಭೆ

ಪ್ರತಿಗಳು:

1. ಶ್ರೀಮತಿ ಮಿರ್ನಾ ಒಲೆಕ್ಸಿನ್ ಅವರಿಗೆ, ಸೂಕ್ತ ಅಭಿಪ್ರಾಯಕ್ಕಾಗಿ.

2. ಜೋಸಿ ಅವರ ಕೆಫೆಗೆ, ಕಿಟಕಿಯ ಪಕ್ಕ ಅಂಟಿಸಲು. ಕರವಸ್ತ್ರದ ಬದಲಿಗೆ ಹೊಸದೊಂದು ಪೊಟ್ಟಣ ಕಳಿಸಿಕೊಡಲಾಗಿದೆ.

3. ಅರೋರಾ ಚಿತ್ರಮಂದಿರದ ಸ್ವಯಂಸೇವಕರಿಗೆ. ಭಾನುವಾರ ಮಧ್ಯಾಹ್ನದ ಆಟಕ್ಕೆ ಕತ್ತಲಾದ ಮೇಲೆ ಒಳಬಂದು ದೀಪ ಹತ್ತುವ ಮೊದಲೇ ಹೊರಹೋದ ವ್ಯಕ್ತಿ ಯಾರೆಂದು ವಿಚಾರಿಸುವುದು ಬೇಡ.

4. ಹಿಮ ತೆರವು ಯಂತ್ರದ ಚಾಲಕರಿಗೆ, ಮಾಹಿತಿಗಾಗಿ. ಯಂತ್ರ ಸುಸ್ಥಿತಿಯಲ್ಲಿದೆ ಎಂದು ನಂಬಲಾಗಿದೆ.

5. ಶ್ರೀಮತಿ ಡಾರ್ಲೀನ್ ಥೀಸನ್ ಅವರಿಗೆ, ಪಾಲನಾ ವರದಿಯಾಗಿ.

6. ಕಚೇರಿ ಕಡತಕ್ಕೆ.

7. ಕುಮಾರಿ ಟೆಸ್ಸಾ ಥೀಸನ್, ಮೇಲ್ಮಹಡಿ ಕೋಣೆ, ಇವರಿಗೆ, ಬಾಗಿಲ ಕೆಳಗಿನಿಂದ. ತಾವು ಶನಿವಾರ ಮೆಟ್ಟಿಲ ಮೇಲಿಂದ ಕೇಳಿದ ಪ್ರಶ್ನೆಗೆ ಉತ್ತರವಾಗಿ ತಿಳಿಸುವುದೇನೆಂದರೆ, ಸದರಿ ಚಿತ್ರವನ್ನು ಶುಕ್ರವಾರ ಒಮ್ಮೆ, ಭಾನುವಾರ ಒಬ್ಬನೇ ಕೂತು ಇನ್ನೊಮ್ಮೆ ನೋಡಲಾಗಿದೆ. ಎರಡೂ ಸಲ ಕೊನೆಯಲ್ಲಿ ಅಳಲಾಗಿದೆ. ಆ ತಂದೆಯ ಮಾತು ಉದ್ದವಾಯಿತು ಎಂಬ ಶ್ರೀಮತಿ ಮಿರ್ನಾ ಅವರ ಅಭಿಪ್ರಾಯವನ್ನು ಈ ಕಚೇರಿ ಒಪ್ಪುವುದಿಲ್ಲ. ಅದರಲ್ಲಿನ ಪ್ರತಿಯೊಂದು ಮಾತೂ, ರೇಡಿಯೋ ವಿಷಯವೂ ಸೇರಿದಂತೆ, ನಿಜವೆಂದು ಈ ಮೂಲಕ ದೃಢೀಕರಿಸಲಾಗಿದೆ. ಹೇಳಬೇಕಾಗಿದ್ದವನು ನಾನು.